‘ಅಲ್ಯಾಕ್ರಿಟಿ’ ಎಂಬ ಮಾತು, ನಮ್ಮ ಉಮೇದು



ಇಂದು ಒಂದು ಇಂಗ್ಲಿಷ್ ಶಬ್ದದ ಚರಿತ್ರೆಯನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ಶಬ್ದ ‘ಅಲ್ಯಾಕ್ರಿಟಿ’. ಬಸ್ಸಿನಲ್ಲಿ, ಸಂತೆಯಲ್ಲಿ ಕಿವಿಗೆ ಬೀಳುವ ಮಾತಲ್ಲ ಇದು. ಹಳೆಯ ಇಂಗ್ಲಿಷ್ ಕಾದಂಬರಿಗಳಲ್ಲಿ, ಗತ್ತಿನ ಕಚೇರಿ ಪತ್ರಗಳಲ್ಲಿ, ನಿಮ್ಮ ಮಕ್ಕಳು ಓದುವ ಸ್ಪರ್ಧಾ ಪರೀಕ್ಷೆಯ ಪುಸ್ತಕಗಳಲ್ಲಿ ಸಿಗುತ್ತದೆ. ಕೆಲಸ ಬಂದೊಡನೆ ಮುಖ ಅರಳಿಸಿ ಎದ್ದು, ಚುರುಕಾಗಿ ಕೈಹಾಕುವ ಗುಣಕ್ಕೆ ಆ ಹೆಸರು.

ಈ ಅರ್ಥದಲ್ಲಿ ಎರಡು ಪಾಲುಗಳಿವೆ, ಗಮನಿಸಿ. ಒಂದು ಕೈಯ ಚುರುಕು, ಇನ್ನೊಂದು ಮನಸ್ಸಿನ ಗೆಲುವು. ಯಾರಾದರೂ ಬೈದಾರೆಂಬ ಹೆದರಿಕೆಯಿಂದ ಓಡೋಡಿ ಮಾಡಿದ ಕೆಲಸಕ್ಕೆ ಈ ಶಬ್ದ ಸಲ್ಲುವುದಿಲ್ಲ. ನಗುನಗುತ್ತ ಕಟ್ಟೆಯ ಮೇಲೆ ಕುಳಿತವನಿಗೂ ಸಲ್ಲುವುದಿಲ್ಲ. ಎರಡೂ ಕೂಡಿದಾಗ ಮಾತ್ರ ಅದು ಅಲ್ಯಾಕ್ರಿಟಿ.

ಕನ್ನಡದಲ್ಲಿ ಇದಕ್ಕೆ ಮಾತುಗಳ ಬರವಿಲ್ಲ. ಹುರುಪು, ಹುಮ್ಮಸ್ಸು, ಲವಲವಿಕೆ, ಉತ್ಸಾಹ ಎಂದೆಲ್ಲ ಹೇಳುತ್ತೇವೆ. ಹುಬ್ಬಳ್ಳಿಯಿಂದ ಆಚೆಯವರು ‘ಉಮೇದು’ ಎನ್ನುತ್ತಾರೆ. “ಹುಡುಗ ಭಾಳ ಉಮೇದಿಲೆ ಕೆಲಸ ಮಾಡತಾನ” ಎಂದರೆ ಅದರಲ್ಲಿ ಚುರುಕೂ ಬಂತು, ಗೆಲುವೂ ಬಂತು. ಗಡಿಯ ಈಚೆ ಕೊಂಕಣಿಯಲ್ಲಿಯೂ ಮರಾಠಿಯಲ್ಲಿಯೂ ‘ಉಮೇದ’ ಇದೆ. ಎರಡು ಭಾಷೆಯ ಮನೆಯಲ್ಲಿ ಬೆಳೆದ ನಿಮಗೆ ಇದನ್ನು ಯಾರೂ ಅನುವಾದಿಸಿ ಕೊಡಬೇಕಾಗಿಲ್ಲ.

ಅಲ್ಯಾಕ್ರಿಟಿಯ ಕಥೆ ಹೇಳಲು ಲಂಡನ್ನಿಗೆ ಹೋಗಬೇಕಾಗಿಲ್ಲ. ಗೋವೆಯ ಸಾಂಕೋಲೆಯಿಂದಲೇ ಹೊರಡೋಣ.

ಸಾಂಕೋಲೆ, ಕೊಂಕಣಿಯಲ್ಲಿ ಸಾಂಕವಾಳ, ಜುವಾರಿ ನದಿಯ ದಕ್ಷಿಣ ದಂಡೆಯ ಊರು. ಇಂದು ಮುರಗಾಂವ ತಾಲೂಕಿನಲ್ಲಿದೆ. ಪೋರ್ಚುಗೀಸರ ಕಾಲದಲ್ಲಿ ಬಹುಕಾಲ ಸಾಷ್ಟಿ ಪ್ರಾಂತಕ್ಕೆ ಸೇರಿತ್ತು. ನಮ್ಮವರಿಗೆ ಈ ಊರು ಹೊಸದಲ್ಲ. ಮುರಗಾಂವ ಬಂದರಿನಿಂದ ಕ್ಯಾಸಲ್‌ರಾಕ್‌ವರೆಗಿನ ರೈಲುದಾರಿ 1888ರಲ್ಲಿ ತೆರೆದ ಮೇಲೆ ಲೋಂಡಾ, ಧಾರವಾಡ, ಹುಬ್ಬಳ್ಳಿಗಳಿಗೆ ಈ ಕರಾವಳಿಯ ನಂಟು ಬಿಗಿಯಾಯಿತು. 1973ರಲ್ಲಿ ಇಲ್ಲಿ ರಸಗೊಬ್ಬರದ ಕಾರ್ಖಾನೆ ಶುರುವಾಯಿತು. ಅದರ ಸುತ್ತ ಬೆಳೆದ ಜುವಾರಿನಗರವನ್ನು ಜನ ಇಂದಿಗೂ ‘ಬಿರ್ಲಾ’ ಎಂದೇ ಕರೆಯುತ್ತಾರೆ. ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳದ ಕಡೆಯಿಂದ ಕೂಲಿಗೆ, ಗೌಂಡಿ ಕೆಲಸಕ್ಕೆ, ವ್ಯಾಪಾರಕ್ಕೆ ಬಂದವರ ಮನೆಗಳಲ್ಲಿ ಅಲ್ಲಿ ಕನ್ನಡವೇ ಮನೆಮಾತು.

ಇದೇ ಸಾಂಕೋಲೆಯಲ್ಲಿ ಮುನ್ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಒಂದು ಲ್ಯಾಟಿನ್ ಶಾಲೆ ಇತ್ತು. ತೆರೆದವರು ಜೋಸೆಫ್ ವಾಜ್. 1651ರಲ್ಲಿ ತಾಯಿಯ ಊರಾದ ಬಾಣಾವಳಿಯಲ್ಲಿ ಹುಟ್ಟಿದರು. ತಂದೆಯ ಊರು ಸಾಂಕೋಲೆ. ಹುಡುಗನಾಗಿದ್ದಾಗ ಪೋರ್ಚುಗೀಸ್ ಭಾಷೆಯನ್ನು ಸಾಂಕೋಲೆಯಲ್ಲಿ ಕಲಿತರು, ಲ್ಯಾಟಿನ್ನನ್ನು ಬಾಣಾವಳಿಯಲ್ಲಿ ಕಲಿತರು. ಪಾದ್ರಿಯಾದ ಮೇಲೆ ಸಾಂಕೋಲೆಗೆ ಬಂದು ಹುಡುಗರಿಗೆ ಲ್ಯಾಟಿನ್ ಹೇಳಿಕೊಟ್ಟರು. 1681ರಿಂದ ಮೂರು ವರ್ಷ ಕನ್ನಡ ಕರಾವಳಿಯಲ್ಲಿ, ಮಂಗಳೂರು, ಬಸರೂರು, ಗಂಗೊಳ್ಳಿಯ ಕಡೆ ತಿರುಗಾಡಿದರು. ಮುಂದೆ 1687ರಲ್ಲಿ ಸಿಂಹಳಕ್ಕೆ ಹೋಗಿ, 1711ರಲ್ಲಿ ಕ್ಯಾಂಡಿಯಲ್ಲಿ ತೀರಿಕೊಂಡರು.

ಅವರ ಧಾರ್ಮಿಕ ಜೀವನ ಇಂದಿನ ನಮ್ಮ ವಿಷಯವಲ್ಲ. ನಮಗೆ ಬೇಕಾದದ್ದು ಆ ಎರಡು ಪಾಠಗಳು. ಲ್ಯಾಟಿನ್ನಿನ ಪಾಠದಲ್ಲಿ ‘ಅಲಕೆರ್’ ಎಂಬ ಶಬ್ದವಿದೆ. ಗೆಲುವಾದವನು, ಚುರುಕಾದವನು ಎಂದು ಅದರ ಅರ್ಥ. ಆ ಗುಣಕ್ಕೆ ‘ಅಲಕ್ರಿತಾಸ್’ ಎಂದು ಹೆಸರು. ಪೋರ್ಚುಗೀಸಿನ ಪಾಠದಲ್ಲಿ ‘ಅಲೆಗ್ರೆ’ ಇದೆ. ಸಂತೋಷವಾಗಿರುವವನು ಎಂದು ಅರ್ಥ. ಸಂತೋಷಕ್ಕೆ ‘ಅಲೆಗ್ರಿಯ’ ಎನ್ನುತ್ತಾರೆ. ಇವೆರಡೂ ಒಂದೇ ಬೇರಿನ ಶಬ್ದಗಳು. ಕಾಲ ಕಳೆದಂತೆ ‘ಅಲಕೆರ್’ ಜನರ ಬಾಯಲ್ಲಿ ಸವೆದು ‘ಅಲೆಗ್ರೆ’ ಆಯಿತು.

ಈ ಸವೆತ ನಿಮಗೆ ಗೊತ್ತಿರುವಂಥದೇ. ಶಾಲೆಯಲ್ಲಿ ತತ್ಸಮ, ತದ್ಭವ ಎಂದು ಕಲಿತಿದ್ದೀರಿ. ಸಂಸ್ಕೃತದ ‘ಆಕಾಶ’ ನಮ್ಮಲ್ಲಿ ‘ಆಗಸ’ ಆಯಿತು, ‘ಮುಖ’ ‘ಮೊಗ’ ಆಯಿತು. ಅಂದರೆ ನಡುವಿನ ‘ಕ’ಕಾರ ಮೆತ್ತಗಾಗಿ ‘ಗ’ಕಾರವಾಯಿತು. ಲ್ಯಾಟಿನ್ನಿನಿಂದ ಪೋರ್ಚುಗೀಸ್ ಹುಟ್ಟುವಾಗಲೂ ಇದೇ ನಡೆಯಿತು. ಗೆಳೆಯ ಎಂಬ ಅರ್ಥದ ‘ಅಮಿಕುಸ್’ ಅಲ್ಲಿ ‘ಅಮಿಗೊ’ ಆಯಿತು. ಹಾಗೆಯೇ ‘ಅಲಕೆರ್’ನ ಕಕಾರವೂ ಗಕಾರವಾಯಿತು.

ಇಟಲಿಯವರಲ್ಲಿ ಅದು ‘ಅಲ್ಲೆಗ್ರೊ’. ಪಾಶ್ಚಾತ್ಯ ಸಂಗೀತದಲ್ಲಿ ಚುರುಕಾದ ಗತಿಯಲ್ಲಿ ನುಡಿಸಬೇಕೆಂದು ಸೂಚಿಸಲು ಈ ಮಾತನ್ನು ಬರೆಯುತ್ತಾರೆ. ಬ್ರೆಜಿಲ್ ದೇಶದ ‘ಪೋರ್ತೊ ಅಲೆಗ್ರೆ’ ಎಂಬ ದೊಡ್ಡ ನಗರದ ಹೆಸರಿಗೆ ‘ಗೆಲುವಿನ ಬಂದರು’ ಎಂದರ್ಥ.

ಇಂಗ್ಲಿಷರು ಮಾತ್ರ ಸುಮಾರು ಐದು ಶತಮಾನಗಳ ಹಿಂದೆ ಪಂಡಿತರ ಪುಸ್ತಕದಿಂದ ಲ್ಯಾಟಿನ್ ರೂಪವನ್ನೇ ಎತ್ತಿಕೊಂಡರು. ಆದ್ದರಿಂದ ಅವರ ‘ಅಲ್ಯಾಕ್ರಿಟಿ’ಯಲ್ಲಿ ಕಕಾರ ಸವೆಯದೆ ಉಳಿದಿದೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಅಲ್ಯಾಕ್ರಿಟಿ ತತ್ಸಮ, ಅಲೆಗ್ರೆ ತದ್ಭವ. ಪುಸ್ತಕದಿಂದ ಬಂದದ್ದಕ್ಕೇ ಅದಕ್ಕೆ ಇಂದಿಗೂ ಸ್ವಲ್ಪ ಗತ್ತು.

ಲ್ಯಾಟಿನ್ನಿಗಿಂತ ಹಿಂದೆ ಈ ಶಬ್ದ ಎಲ್ಲಿತ್ತು? ಹಳೆಯ ಗಾಥಿಕ್ ಭಾಷೆಯಲ್ಲಿ ಹುರುಪು ಎಂಬ ಅರ್ಥದ ‘ಅಲ್ಯಾನ್’ ಎಂಬ ಶಬ್ದ ಇದರ ನಂಟನಿರಬಹುದು ಎಂದು ಕೆಲವು ವಿದ್ವಾಂಸರು ಊಹಿಸಿದ್ದಾರೆ. ಅದರಾಚೆಗೆ ದಾರಿ ಮಸುಕಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ‘ಅಲಕೆರ್’ ಎಂದೊಡನೆ ನಮಗೆ ಕನ್ನಡದ ‘ಅಲುಗು’, ‘ಅಲುಗಾಡು’ ನೆನಪಾಗಬಹುದು. “ನೋಡಿ, ಇದು ನಮ್ಮದೇ ಶಬ್ದ” ಎಂದು ಹೇಳಿಬಿಡುವ ಆಸೆಯೂ ಆಗಬಹುದು. ದನಿ ಹೋಲಿದರೆ ನಂಟು ಸಿದ್ಧವಾಗುವುದಿಲ್ಲ. ಸಂಸ್ಕೃತದ ‘ಅಲಸ’ ಎಂಬ ಶಬ್ದವನ್ನು ಪಕ್ಕದಲ್ಲಿಟ್ಟು ನೋಡಿ. ಅಲಕೆರ್, ಅಲಸ, ಕೇಳಲು ಎಷ್ಟು ಹತ್ತಿರ! ಅರ್ಥದಲ್ಲಿ ಮಾತ್ರ ಒಬ್ಬ ಚುರುಕಿನವನು, ಇನ್ನೊಬ್ಬ ಸೋಮಾರಿ. ಒಂದೇ ಬಗೆಯ ದನಿ ಬದಲಾವಣೆ ಹತ್ತಾರು ಶಬ್ದಗಳಲ್ಲಿ ಕ್ರಮವಾಗಿ ಕಂಡರೆ ಮಾತ್ರ ಭಾಷೆಗಳ ನಂಟನ್ನು ನಂಬಬೇಕು.

ಅಂಥ ನಂಟನ್ನು ಬಹಳ ಮೊದಲೇ ಗಮನಿಸಿದವನೊಬ್ಬ ಇದೇ ಸಾಷ್ಟಿಯಲ್ಲಿ ಬದುಕಿದ. ಅವನು ಇಂಗ್ಲೆಂಡಿನ ಥಾಮಸ್ ಸ್ಟೀಫನ್ಸ್. 1579ರಲ್ಲಿ ಗೋವೆಗೆ ಬಂದು ಇಳಿದ. 1583ರಲ್ಲಿ ತನ್ನ ಸೋದರನಿಗೆ ಬರೆದ ಪತ್ರದಲ್ಲಿ, ಇಲ್ಲಿಯ ಭಾಷೆಗಳು ಗ್ರೀಕ್ ಮತ್ತು ಲ್ಯಾಟಿನ್ ಭಾಷೆಗಳನ್ನು ಹೋಲುತ್ತವೆ ಎಂದು ತಿಳಿಸಿದ. ವಿಲಿಯಂ ಜೋನ್ಸ್ ಕಲ್ಕತ್ತೆಯಲ್ಲಿ ಸಂಸ್ಕೃತ ಮತ್ತು ಲ್ಯಾಟಿನ್ ಭಾಷೆಗಳ ನಂಟಿನ ಬಗ್ಗೆ ಪ್ರಸಿದ್ಧ ಭಾಷಣ ಮಾಡಿದ್ದು 1786ರಲ್ಲಿ, ಅಂದರೆ ಇನ್ನೂರು ವರ್ಷಗಳ ತರುವಾಯ.

ಈ ಸ್ಟೀಫನ್ಸ್ ಕೊಂಕಣಿಗೆ ಒಂದು ವ್ಯಾಕರಣ ಬರೆದ. ಅವನು ತೀರಿಕೊಂಡ ಮೇಲೆ, 1640ರಲ್ಲಿ, ಜುವಾರಿಯ ದಂಡೆಯ ರಾಚೋಲದಲ್ಲಿ ಅದು ಅಚ್ಚಾಯಿತು. ಅದರ ಹೆಸರಿನಲ್ಲಿ ಕೊಂಕಣಿ ಎಂಬ ಮಾತಿಲ್ಲ, ‘ಕನಾರಿಂ ಭಾಷೆ’ ಎಂದಿದೆ. ಪೋರ್ಚುಗೀಸರು ಗೋವೆಯ ಜನರನ್ನೂ ಅವರ ಮಾತನ್ನೂ ಹಾಗೆ ಕರೆಯುತ್ತಿದ್ದರು. ಕನ್ನಡ ನಾಡಿನ ‘ಕನ್ನಡ’ವೇ ಅವರ ಬಾಯಲ್ಲಿ ‘ಕನರಾ’ ಆಗಿ, ಆ ಹೆಸರು ಕೊಂಕಣಿಗೂ ಅಂಟಿಕೊಂಡಿತು. ಕನ್ನಡ, ಕೊಂಕಣಿಗಳನ್ನು ಹೊರಗಿನವರು ಹೀಗೆ ಒಂದೇ ಹೆಸರಿನಲ್ಲಿ ಬೆರೆಸಿದ್ದರೆಂಬುದನ್ನು ಗಡಿಯ ಜನರಾದ ನಾವು ಮರೆಯಬಾರದು.

ಈಗ ಶಬ್ದದ ಒಳಗಿನ ಅರ್ಥಕ್ಕೆ ಬರೋಣ. ಅಲಕ್ರಿತಾಸ್ ಎಲ್ಲಿಂದ ಹುಟ್ಟುತ್ತದೆ? ಇದಕ್ಕೆ ರೋಮಿನ ಸೇನಾಪತಿ ಜೂಲಿಯಸ್ ಸೀಸರ್ ಒಂದು ಉತ್ತರ ಕೊಟ್ಟಿದ್ದಾನೆ.

ಕ್ರಿಸ್ತಪೂರ್ವ 48ರಲ್ಲಿ ಗ್ರೀಸ್ ದೇಶದ ಫಾರ್ಸಾಲಸ್ ಎಂಬಲ್ಲಿ ಸೀಸರ್ ಮತ್ತು ಪಾಂಪೆಯ ಸೈನ್ಯಗಳು ಎದುರುಬದುರಾಗಿ ನಿಂತವು. ಪಾಂಪೆ ತನ್ನ ಸೈನಿಕರಿಗೆ, ಯಾರೂ ಮುಂದೆ ಓಡಬೇಡಿ, ನಿಂತಲ್ಲೇ ನಿಂತು ಶತ್ರುವನ್ನು ಎದುರಿಸಿ ಎಂದು ಆಜ್ಞೆ ಮಾಡಿದ. ಓಡಿ ಬಂದ ಸೀಸರನ ಸೈನಿಕರು ದಣಿಯುತ್ತಾರೆಂಬುದು ಅವನ ಎಣಿಕೆ. ಸೀಸರನ ಸೈನಿಕರು ಅನುಭವಸ್ಥರು. ಎದುರಿನವರು ಕದಲದಿರುವುದನ್ನು ಕಂಡು ತಾವೇ ಅರ್ಧ ದಾರಿಯಲ್ಲಿ ನಿಂತು ಉಸಿರು ತೆಗೆದುಕೊಂಡರು. ಮತ್ತೆ ಓಡಿ ಮೇಲೆ ಬಿದ್ದರು. ಆ ದಿನ ಗೆದ್ದವನು ಸೀಸರ್.

ಆ ಯುದ್ಧದ ಬಗ್ಗೆ ಬರೆಯುವಾಗ ಅವನು ಪಾಂಪೆಯ ಆಜ್ಞೆಯನ್ನು ಟೀಕಿಸುತ್ತಾನೆ. ಹುರುಪು ಎಲ್ಲ ಮನುಷ್ಯರಲ್ಲಿ ಹುಟ್ಟಿನಿಂದಲೇ ಇರುತ್ತದೆ, ನಾಯಕನಾದವನು ಅದನ್ನು ಅದುಮಬಾರದು, ಬೆಳೆಸಬೇಕು ಎಂಬುದು ಅವನ ಮಾತಿನ ಸಾರ. ಅಲ್ಲಿ ಅವನು ಬಳಸಿದ ಶಬ್ದ ಅಲಕ್ರಿತಾಸ್. ಹುರುಪು ಆಳಿನಲ್ಲೇ ಇದೆ. ಒಡೆಯ ಅದನ್ನು ತಂದು ಕೊಡಬೇಕಾಗಿಲ್ಲ, ಕೆಡಿಸದಿದ್ದರೆ ಸಾಕು. ಎರಡು ಸಾವಿರ ವರ್ಷ ಹಳೆಯ ಈ ಮಾತು ಇಂದಿನ ಕಾರ್ಖಾನೆಗೂ ಸಲ್ಲುತ್ತದೆ, ಶಾಲೆಗೂ ಸಲ್ಲುತ್ತದೆ.

ಷೇಕ್ಸ್‌ಪಿಯರನ ‘ಮೂರನೆಯ ರಿಚರ್ಡ್’ ನಾಟಕದಲ್ಲಿಯೂ ಈ ಶಬ್ದ ಬರುತ್ತದೆ. 1485ರ ಬಾಸ್ವರ್ತ್ ಯುದ್ಧದ ಹಿಂದಿನ ರಾತ್ರಿ ರಾಜ ಮದ್ಯದ ಬಟ್ಟಲು ತರಿಸಿಕೊಂಡು, ಮೊದಲಿನ ಹುರುಪು ತನ್ನಲ್ಲಿ ಉಳಿದಿಲ್ಲವೆಂದು ಒಪ್ಪಿಕೊಳ್ಳುತ್ತಾನೆ. ಇಡೀ ದೇಶಕ್ಕೆ ಆಜ್ಞೆ ಮಾಡುವವನು ತನ್ನ ಮನಸ್ಸಿಗೆ ಆಜ್ಞೆ ಮಾಡಲಾರ.

ತರುವಾಯದ ಇಂಗ್ಲಿಷಿನಲ್ಲಿ ಈ ಶಬ್ದದ ಗೆಲುವಿನ ಪಾಲು ತೆಳ್ಳಗಾಗುತ್ತ, ಚುರುಕಿನ ಪಾಲು ದಪ್ಪಗಾಗುತ್ತ ಬಂತು. ‘ಆಳು ಅಲ್ಯಾಕ್ರಿಟಿಯಿಂದ ಆಜ್ಞೆ ಪಾಲಿಸಿದ’ ಎಂಬಂಥ ವಾಕ್ಯಗಳನ್ನು ಹಳೆಯ ಕಾದಂಬರಿಗಳಲ್ಲಿ ಓದುವಾಗ ಒಂದು ಪ್ರಶ್ನೆ ಕೇಳಿಕೊಳ್ಳಿ. ಇದನ್ನು ಹೇಳುತ್ತಿರುವವರು ಯಾರು? ಹೆಚ್ಚಾಗಿ ಕೆಲಸ ಮಾಡಿಸಿಕೊಂಡವರು. ಕೈಯ ವೇಗ ಅವರ ಕಣ್ಣಿಗೆ ಬಿತ್ತು. ಎದೆಯೊಳಗೆ ಗೆಲುವಿತ್ತೋ ಹೆದರಿಕೆಯಿತ್ತೋ ಅವರಿಗೆ ಹೇಗೆ ಗೊತ್ತಾಗಬೇಕು?

ಇನ್ನು ನಮ್ಮ ಕನ್ನಡದ ಮಾತು. ಪೋರ್ಚುಗೀಸರ ಆಳ್ವಿಕೆ ಗೋವೆಯಲ್ಲಿ 1510ರಿಂದ 1961ರವರೆಗೆ ನಡೆಯಿತು. ಇಷ್ಟು ದೀರ್ಘ ನೆರೆಹೊರೆಯಲ್ಲಿ ಅವರ ಹಲವು ಶಬ್ದಗಳು ಕೊಂಕಣಿಗೆ, ಮರಾಠಿಗೆ ಬಂದು, ಗಟ್ಟ ಹತ್ತಿ ಕನ್ನಡಕ್ಕೂ ಸೇರಿದವು. ಬೀಗದ ಚಾವಿ, ತಿನ್ನುವ ಬಟಾಟೆ, ಬಟ್ಟೆಗೆ ಹಾಕುವ ಇಸ್ತ್ರಿ, ಕ್ರೈಸ್ತರ ಇಗರ್ಜಿ, ಮಾಲು ಕೂಗಿ ಮಾರುವ ಲಿಲಾವು, ತಿಂಗಳ ಕೊನೆಯ ಪಗಾರ, ಕೆಲಸ ಮಾಡಿಸುವ ಮೇಸ್ತ್ರಿ, ಇವೆಲ್ಲ ಪೋರ್ಚುಗೀಸ್ ಮೂಲದವು.

ಈ ಪಟ್ಟಿಯಲ್ಲಿ ಒಂದು ಸಂಗತಿ ಕಾಣುತ್ತದೆ. ಪಗಾರ ಬಂತು, ಮೇಸ್ತ್ರಿ ಬಂದ. ಸಂತೋಷವೆಂಬ ಅರ್ಥದ ಅಲೆಗ್ರಿಯ ಮಾತ್ರ ಕನ್ನಡಕ್ಕೆ ಬರಲಿಲ್ಲ. ಇದರಲ್ಲಿ ಆಶ್ಚರ್ಯವೇನಿಲ್ಲ. ವ್ಯಾಪಾರ, ಕಟ್ಟಡ, ಅಡಿಗೆಯ ಸಾಮಾನುಗಳ ಹೆಸರುಗಳು ಸಾಮಾನಿನ ಜೊತೆಗೇ ಬರುತ್ತವೆ. ಮನಸ್ಸಿನ ಸ್ಥಿತಿಯ ಹೆಸರುಗಳು ಬರಬೇಕಾದರೆ ಜನ ಜೊತೆಯಲ್ಲಿ ಉಂಡು, ನಕ್ಕು, ಅತ್ತಿರಬೇಕು.

ಹಾಗಾದರೆ ಉಮೇದು? ಅದೂ ಹೊರಗಿನಿಂದಲೇ ಬಂದದ್ದು, ಆದರೆ ಬೇರೆ ದಾರಿಯಿಂದ. ಪಾರಸಿ ಭಾಷೆಯಲ್ಲಿ ಉಮೇದ್ ಎಂದರೆ ಭರವಸೆ. ಬಹಮನಿ, ಆದಿಲಶಾಹಿ ದರ್ಬಾರುಗಳಲ್ಲಿ, ಮುಂದೆ ಮರಾಠರ ಕಚೇರಿಗಳಲ್ಲಿ ಪಾರಸಿಯ ನೂರಾರು ಶಬ್ದಗಳು ಓಡಾಡಿದವು. ಹಾಗೆ ಕನ್ನಡಕ್ಕೂ ಬಂದವು. ಗೋವೆ 1510ರವರೆಗೆ ಆದಿಲಶಾಹಿಯದಾಗಿತ್ತು. ಸಾಷ್ಟಿಯನ್ನು ಪೋರ್ಚುಗೀಸರಿಗೆ ಬಿಟ್ಟುಕೊಟ್ಟದ್ದು 1543ರಲ್ಲಿ. ಅಂದರೆ ಒಂದು ಕಾಲದಲ್ಲಿ ಆಗಿನ ಬಿಜಾಪುರ, ಇಂದಿನ ವಿಜಯಪುರ, ಮತ್ತು ಸಾಂಕೋಲೆ ಒಂದೇ ರಾಜ್ಯದ ಊರುಗಳು. ವಿಜಯಪುರದಿಂದ ಬಂದು ಸಾಂಕೋಲೆಯಲ್ಲಿ ದುಡಿಯುವ ಅಣ್ಣ, ತಮ್ಮಂದಿರು ಈ ಹಳೆಯ ದಾರಿಯಲ್ಲೇ ನಡೆದು ಬಂದವರು.

ಕನ್ನಡಕ್ಕೆ ಬಂದ ಮೇಲೆ ಉಮೇದಿನ ಅರ್ಥ ಒಂದು ಹೆಜ್ಜೆ ಮುಂದೆ ಹೋಯಿತು. ಭರವಸೆ ಎಂಬ ಅರ್ಥವಿದ್ದದ್ದು ಹುರುಪು ಎಂಬ ಅರ್ಥ ಪಡೆಯಿತು. ಮೂಲ ಅರ್ಥ ಮಾತ್ರ ‘ಉಮೇದುವಾರ’ ಎಂಬ ಶಬ್ದದಲ್ಲಿ ಅಡಗಿ ಕುಳಿತಿದೆ. ಇಂದು ಚುನಾವಣೆಗೆ ನಿಂತವನನ್ನು ಹಾಗೆ ಕರೆಯುತ್ತೇವೆ. ಹಿಂದಿನ ಕಾಲದಲ್ಲಿ, ನೌಕರಿ ಸಿಕ್ಕೀತೆಂದು ಕಾದಿರುವವನೇ ಉಮೇದುವಾರ. ಬ್ರಿಟಿಷರು 1886ರಲ್ಲಿ ಪ್ರಕಟಿಸಿದ ‘ಹಾಬ್ಸನ್-ಜಾಬ್ಸನ್’ ಎಂಬ ಪ್ರಸಿದ್ಧ ಕೋಶದಲ್ಲಿಯೂ ಈ ಶಬ್ದ ಅದೇ ಅರ್ಥದಲ್ಲಿ ಸಿಗುತ್ತದೆ.

ಭರವಸೆಯ ಹೆಸರು ಹುರುಪಿನ ಹೆಸರಾದದ್ದು ಹೇಗೆ? ಇದನ್ನು ಯಾವ ಪಂಡಿತನೂ ಕೂತು ನಿರ್ಧರಿಸಲಿಲ್ಲ. ಹೊಲದಲ್ಲಿ, ಅಂಗಡಿಯಲ್ಲಿ, ಕಚೇರಿಯಲ್ಲಿ ಮಾತಾಡುವ ಜನ ತಾವು ಕಂಡದ್ದನ್ನೇ ಮಾತಿನಲ್ಲಿ ತುಂಬಿದರು. ಮಳೆ ಬಂದೀತೆಂಬ ಭರವಸೆಯಿದ್ದವನು ನಸುಕಿನಲ್ಲೇ ಎದ್ದು ಕೂರಿಗೆ ಕಟ್ಟುತ್ತಾನೆ. ಪಗಾರ ಸರಿಯಾಗಿ ಕೈಗೆ ಬಂದೀತೆಂಬ ಭರವಸೆಯಿದ್ದವನ ಕೈ ತಾನಾಗಿ ಚುರುಕಾಗುತ್ತದೆ. ಭರವಸೆ ಹೋದಲ್ಲಿ ಮೇಸ್ತ್ರಿ ಎಷ್ಟು ಕೂಗಿದರೂ ಉಮೇದು ಹುಟ್ಟುವುದಿಲ್ಲ. ಲ್ಯಾಟಿನ್ ಶಬ್ದ ಹುರುಪನ್ನು ಹೆಸರಿಸಿತು. ನಮ್ಮ ಶಬ್ದ ಹುರುಪಿನ ಕಾರಣವನ್ನೂ ಹೊಟ್ಟೆಯಲ್ಲಿ ಇಟ್ಟುಕೊಂಡಿದೆ.

ಸಂಸ್ಕೃತದ ‘ಉತ್ಸಾಹ’ಕ್ಕೂ ದೊಡ್ಡ ಮನೆತನವಿದೆ. ನಾಟ್ಯಶಾಸ್ತ್ರದಲ್ಲಿ ವೀರರಸದ ಸ್ಥಾಯಿಭಾವವೇ ಉತ್ಸಾಹ. ಅರ್ಥಶಾಸ್ತ್ರದಲ್ಲಿ ರಾಜನ ಮೂರು ಶಕ್ತಿಗಳಲ್ಲಿ ಉತ್ಸಾಹಶಕ್ತಿ ಒಂದು. ಅದು ರಂಗದ, ರಾಜನ ಮಾತಾಯಿತು. ದುಡಿಯುವವರ ಹುರುಪಿನ ಬಗ್ಗೆ ಆಳವಾಗಿ ಯೋಚಿಸಿದವರನ್ನು ನೋಡಬೇಕಾದರೆ ಹನ್ನೆರಡನೆಯ ಶತಮಾನದ ಕಲ್ಯಾಣಕ್ಕೆ ಹೋಗಬೇಕು.

ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ, ಗಂಡ ಹೆಂಡತಿ, ಇಂದಿನ ರಾಯಚೂರು ಜಿಲ್ಲೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದವರು. ನೆಲಕ್ಕೆ ಬಿದ್ದ ಅಕ್ಕಿ ಆಯುವುದು ಅವರ ಕಾಯಕ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಒಪ್ಪಲಿಲ್ಲ. ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾ ಎಂದು ಗಂಡನನ್ನು ಹಿಂದಕ್ಕೆ ಕಳುಹಿಸಿದಳು. ಅವನು ಅನುಭವದ ಮಾತಿನಲ್ಲಿ ಮೈಮರೆತು ಕುಳಿತಾಗ, ಕಾಯಕದ ಹೊತ್ತಾಯಿತು, ಏಳು ಎಂದು ಎಬ್ಬಿಸಿದವಳೂ ಅವಳೇ. ಈ ಎರಡೂ ಸಂಗತಿಗಳನ್ನು ಜೊತೆಯಲ್ಲಿಟ್ಟು ನೋಡಿ. ಕೆಲಸಕ್ಕೆ ಬೇಗ ಏಳು ಎನ್ನುವವಳೇ ಹೆಚ್ಚು ಬಾಚಿಕೊಳ್ಳಬೇಡ ಎನ್ನುತ್ತಾಳೆ. ಹುರುಪು ಬೇರೆ, ದುರಾಸೆಯ ಅವಸರ ಬೇರೆ ಎಂಬ ವಿವೇಕ ಅವಳಲ್ಲಿತ್ತು. ಹೊರಗಿನಿಂದ ನೋಡಿದರೆ ಎರಡರ ವೇಗವೂ ಒಂದೇ ಆಗಿರುತ್ತದೆ.

ಕೊನೆಯದಾಗಿ, ಆಜ್ಞೆ ಮತ್ತು ಮನಸ್ಸಿನ ಬಗ್ಗೆ ಗೋವೆಯದೇ ಒಂದು ಪ್ರಸಂಗ. 1684ರಲ್ಲಿ ಪೋರ್ಚುಗೀಸ್ ವೈಸರಾಯ್ ಒಂದು ಆಜ್ಞೆ ಹೊರಡಿಸಿದ. ಗೋವೆಯ ಜನ ಮೂರು ವರ್ಷಗಳೊಳಗೆ ತಮ್ಮ ಮಾತನ್ನು ಬಿಟ್ಟು ಪೋರ್ಚುಗೀಸ್ ಮಾತಾಡಬೇಕೆಂದು ಅದರಲ್ಲಿತ್ತು. ಅಲೆಗ್ರಿಯ ಎಂಬ ಚೆಂದದ ಶಬ್ದವುಳ್ಳ ಭಾಷೆಯನ್ನು ಹೀಗೆ ಹೆದರಿಸಿ ಕಲಿಸಲು ಹೊರಟರು. ಜನ ಅಗತ್ಯವಿದ್ದಷ್ಟು ಪೋರ್ಚುಗೀಸ್ ಕಲಿತರು; ಜೋಗುಳ, ಜಗಳ, ಹರಟೆಗಳನ್ನು ಕೊಂಕಣಿಯಲ್ಲೇ ಉಳಿಸಿಕೊಂಡರು. ಮೂರು ವರ್ಷಗಳಲ್ಲಿ ಹೋಗಬೇಕಾಗಿದ್ದ ಆ ಭಾಷೆ ಮುನ್ನೂರ ಮೂರು ವರ್ಷಗಳ ಮೇಲೆ, 1987ರಲ್ಲಿ, ಗೋವೆಯ ರಾಜಭಾಷೆಯಾಯಿತು. 1992ರಲ್ಲಿ ಸಂವಿಧಾನದ ಎಂಟನೆಯ ಅನುಸೂಚಿಗೂ ಸೇರಿತು.

ಗಡಿಯ ಮನೆಗಳಲ್ಲಿ ಮಕ್ಕಳು ಕೆಲವೊಮ್ಮೆ ನಾಚಿಕೆಯಿಂದ ಕೇಳುತ್ತಾರೆ: “ಅವ್ವಾ, ನಮ್ಮ ಕನ್ನಡ ಕಲಬೆರಕೆ ಅಂತಾರಲ್ಲ?” ಅವರಿಗೆ ಈ ಕಥೆ ಹೇಳಿ. ಇಂಗ್ಲಿಷರ ಗತ್ತಿನ ಶಬ್ದವೂ ಲ್ಯಾಟಿನ್ನಿನಿಂದ ಕಡ ತಂದದ್ದು. ನಮ್ಮ ಉಮೇದು ಪಾರಸಿಯದು, ಪಗಾರ ಪೋರ್ಚುಗೀಸರದು, ಉತ್ಸಾಹ ಸಂಸ್ಕೃತದ್ದು. ಕಡ ತಂದದ್ದನ್ನು ಬಳಸಿ ಬಳಸಿ ನಾವು ನಮ್ಮದಾಗಿ ಮಾಡಿಕೊಂಡಿದ್ದೇವೆ. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಕೊಂಕಣಿ, ಶಾಲೆಯಲ್ಲಿ ಇಂಗ್ಲಿಷ್ ಆಡುವ ಮಗುವಿಗೆ ಮೂರು ಬಾಗಿಲುಗಳು ತೆರೆದಿವೆ.

ಆ ಮಗು ಕನ್ನಡ ಓದಲು ಕುಳಿತಾಗ ಮಾತ್ರ ನಾವು ಪಾಂಪೆಯಾಗಬಾರದು, ವೈಸರಾಯನೂ ಆಗಬಾರದು. ಗದರಿಸಿ ಕಲಿಸಿದರೆ ಕೈ ಬರೆದೀತು, ಮನಸ್ಸು ಏಳುವುದಿಲ್ಲ. ಈ ಮಾತಿನಿಂದ ನನಗೆ ಏನೋ ಸಿಗುತ್ತದೆ ಎಂಬ ಭರವಸೆ ಅದಕ್ಕೆ ಮೊದಲು ಬರಲಿ. ಒಂದು ಕಥೆಯಿಂದ ಬರಬಹುದು, ಅಜ್ಜಿ ಹೇಳುವ ಒಗಟಿನಿಂದ ಬರಬಹುದು, ಊರಿಗೆ ತಾನೇ ಬರೆದ ಪತ್ರಕ್ಕೆ ಉತ್ತರ ಬಂದಾಗ ಬರಬಹುದು. ಉಮೇದು ಅದರ ಹಿಂದೆಯೇ ಬರುತ್ತದೆ.